ಗೆಂಟ್‌ನಲ್ಲಿ ಬೋಳಾದ ದೋಸೆ ಹಂಚು

ನಾನು ಬೀಡುಕಬ್ಬಿಣದ ದೋಸೆ ಹಂಚು. ಹುಬ್ಬಳ್ಳಿಯಲ್ಲಿ ನನ್ನನ್ನು ಎರಕ ಹೊಯ್ದ ದಿನ, ನನ್ನ ಕೆಂಪು ನೋಡಿ ಸೂರ್ಯನೇ ಮೋಡದ ಮರೆಗೆ ಸರಿದನಂತೆ. ಅತ್ತೆಯ ಕೈಯಿಂದ ಸೊಸೆ ನೀಲಗಂಗವ್ವನ ಕೈಗೆ ಬಂದೆ. ಇಬ್ಬರೂ ಎಣ್ಣೆ, ಅರ್ಧ ಈರುಳ್ಳಿ ಬಿಟ್ಟು ಬೇರೇನನ್ನೂ ನನಗೆ ಸೋಕಿಸಲಿಲ್ಲ. ನನ್ನ ಕಪ್ಪು ಹೊಳಪಿನಲ್ಲಿ ಮುಖ ನೋಡಿಕೊಂಡು ಓಣಿಯ ಗಂಡಸರೆಲ್ಲ ಮೀಸೆ ತಿದ್ದುತ್ತಿದ್ದರು.

ನೀಲಗಂಗವ್ವನ ಮಗಳು ಶಾಂಭವಿ ಬೆಲ್ಜಿಯಂನ ಗೆಂಟ್ ಊರಿನ ಹುಡುಗನನ್ನು ಮದುವೆಯಾದಳು. ಬೀಗರ ಮನೆಗೆ ಹೊರಟ ತಾಯಿ ನನ್ನನ್ನು ಸೀರೆಯಲ್ಲಿ ಸುತ್ತಿಕೊಂಡಳು. ನಾನಿದ್ದ ಕಡೆಗೆ ವಿಮಾನ ವಾಲಿತು. ಪೈಲಟ್ ಸುಮ್ಮನೆ ಗಾಳಿಯನ್ನು ದೂರಿದ.

ಬೀಗಿತ್ತಿ ಮಾರ್ಲೀನ್ ಬಾಗಿಲಲ್ಲೇ ನೀಲಗಂಗವ್ವನ ಕೆನ್ನೆಗೆ ಮೂರು ಮುತ್ತು ಕೊಟ್ಟಳು. ಅಲ್ಲಿ ಒಂದೊಂದು ಬಗೆಯ ಬಿಯರಿಗೂ ಬೇರೆ ಗ್ಲಾಸು. ಆಲೂಗಡ್ಡೆಗೆ ಎರಡೆರಡು ಸಲ ಎಣ್ಣೆಸ್ನಾನ. ಮನುಷ್ಯರಿಗೆ ಮಾತ್ರ ಸಂಜೆ ತಣ್ಣನೆಯ ಬ್ರೆಡ್ಡು.

ಎಲ್ಲರಿಗೂ ಮುತ್ತು ಕೊಡುವ ಆ ಮನೆಯಲ್ಲಿ, ಗಂಡನ ಅಜ್ಜ ಶಾಂಭವಿಗೆ ಮಾತ್ರ ಬರೀ ಕೈ ಕುಲುಕುತ್ತಿದ್ದ. ದೂರದ ದೇಶದ ಸೊಸೆ ಅವನಿಗೆ ಹಿಡಿಸಿರಲಿಲ್ಲ.

“ರವಿವಾರ ನಾ ದ್ವಾಸಿ ಹಾಕ್ತೀನಿ. ಆ ಮುದುಕ ಹ್ಯಾಂಗ ಒಲಿಯಂಗಿಲ್ಲ ನೋಡ್ತೀನಿ,” ಎಂದಳು ನೀಲಗಂಗವ್ವ.

“ದ್ವಾಸಿ ಹರದ್ರ, ಅವ್ವಾ?”

“ನನ್ನ ಹಂಚಿನ ಮ್ಯಾಲೆ ಹರದಿದ್ದು ಯಾವಾಗರ ಕಂಡಿಯೇನ?”

ರವಿವಾರ ಬೆಳಗ್ಗೆ ಮಾರ್ಲೀನ್ ನನ್ನ ಕಪ್ಪು ಕಂಡು ಕನಿಕರಪಟ್ಟಳು. ಬೀಗಿತ್ತಿಗೆ ನೆರವಾಗಲೆಂದು ಸೋಪು ಹಚ್ಚಿ ತಂತಿಬ್ರಷ್ಷಿನಿಂದ ಗಸಗಸ ತಿಕ್ಕಿದಳು. ಎರಡು ತಲೆಮಾರಿನ ಹೊಳಪು ಮೋರಿ ಸೇರಿತು. ನಾನು ಬೋಳಾದೆ.

ಮೊದಲ ದೋಸೆ ಅಂಟಿತು. ಎರಡನೆಯದು ಚೂರುಚೂರಾಯಿತು. ಅಜ್ಜ ಸದ್ದಿಲ್ಲದೆ ಬ್ರೆಡ್ಡಿನತ್ತ ಕೈ ಚಾಚಿದ.

“ಇದರ ಮೈ ಯಾರು ತಿಕ್ಕ್ಯಾರ?” ನೀಲಗಂಗವ್ವ ನನ್ನನ್ನು ಬೆಳಕಿಗೆ ಎತ್ತಿ ಹಿಡಿದಳು. ಮಗಳು ಅದನ್ನು ಅವರ ಭಾಷೆಯಲ್ಲಿ ಹೇಳಿದಾಗ ಮಾರ್ಲೀನಳ ಮುಖ ಬಿಳುಚಿತು. ಒಳಗೋಡಿ, ವಾಫಲ್ ಎಂಬ ಗುಳಿಗುಳಿ ಸಿಹಿತಿಂಡಿ ಬೇಯಿಸುವ, ತನ್ನಜ್ಜಿಯ ಕಾಲದ ಬೀಡಿನ ಅಚ್ಚು ತಂದಳು. ಅದೂ ನನ್ನಂತೆಯೇ ಕರ್ರಗೆ.

“ಇದಕ್ಕೂ ಸೋಪು ಹಚ್ಚಂಗಿಲ್ಲಂತ, ಅವ್ವಾ. ನಿನ್ನ ಹಂಚಿಗೆ ಮಸಿ ಹತ್ತೇತಿ ಅಂದ್ಕೊಂಡ್ರಂತ. ತಪ್ಪಾತು ಅನ್ನಾಕತ್ತಾರ.”

“ಇಂಥಾದು ಮನ್ಯಾಗಿಟ್ಕೊಂಡು ಬ್ರೆಡ್ ತಿಂತಾರಲ್ಲ,” ಎಂದಳು ನೀಲಗಂಗವ್ವ. “ಹಿಟ್ಟು ತಾ.”

ಅಚ್ಚಿನಿಂದ ಚೌಕಚೌಕ ಗುಳಿಯ ದೋಸೆ ಗರಿಗರಿಯಾಗಿ ಎದ್ದಿತು. ಗುಳಿಗುಳಿಯಲ್ಲೂ ಚಟ್ನಿಯ ಕೆರೆ. ಹೊಟ್ಟೆಯುರಿದರೂ ಒಪ್ಪಿಕೊಂಡೆ, ನನಗಿಂತ ಒಂದು ಕೂದಲೆಳೆಯಷ್ಟೇ ಕಡಿಮೆ ರುಚಿ. ಅಜ್ಜ ಮತ್ತೆ ಮತ್ತೆ ತಟ್ಟೆ ಹಿಡಿದು ಬಂದ. ಕೊನೆಗೆ ತಟ್ಟೆ ಕೆಳಗಿಟ್ಟು, ಶಾಂಭವಿಯ ಕೆನ್ನೆಗೆ ಮೂರು ಮುತ್ತು ಕೊಟ್ಟ.

ಊರಿಗೆ ಮರಳುವಾಗ ನೀಲಗಂಗವ್ವ ನನ್ನನ್ನು ಬೀಗಿತ್ತಿಗೇ ಬಿಟ್ಟು ಹೋದಳು. ಈ ಮುಪ್ಪಿನಲ್ಲಿ ಅಚ್ಚಿನ ಪಕ್ಕದ ಮೊಳೆಗೆ ತೂಗುತ್ತಿದ್ದೇನೆ. ಮಾರ್ಲೀನ್ ವಾರವಾರ ಅರ್ಧ ಈರುಳ್ಳಿ, ಎಣ್ಣೆ ಹಿಡಿದು ನನ್ನ ಮೈ ತೀಡುತ್ತಾಳೆ. ಹಳೆಯ ಕಪ್ಪು ಮರಳುತ್ತಿದೆಯೋ ಇಲ್ಲವೋ ಎಂದು ನನಗೇ ಅನುಮಾನವಿತ್ತು. ಮೊನ್ನೆ ಅಜ್ಜ ನನ್ನೆದುರು ನಿಂತ, ಬಗ್ಗಿ ನೋಡಿದ, ಮೆಲ್ಲಗೆ ಮೀಸೆ ತಿದ್ದಿಕೊಂಡ.