ತಂಗಿಯ ಎಡಗಣ್ಣು

ಬೆಳಿಗ್ಗೆ ಎದ್ದಾಗ ಕಣ್ಣು ಕೆಂಪಗಿದ್ದರೆ ನಾವೇನು ಮಾಡುತ್ತೇವೆ? ತಣ್ಣೀರು ಎರಚಿಕೊಂಡು ಕೆಲಸಕ್ಕೆ ಹೋಗುತ್ತೇವೆ. ನನ್ನ ತಂಗಿಯೂ ಅದನ್ನೇ ಮಾಡಿದಳು.

ಅವಳು ರಫೂ ಹಾಕುವವಳು. ಇಲಿ ಕಡಿದ ಶಾಲು, ಕಿಡಿ ಬಿದ್ದು ತೂತಾದ ಕೋಟು, ಏನೇ ಬರಲಿ, ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಕಿತ್ತು, ಎಳೆಗೆ ಎಳೆ ಹೆಣೆದು, ತೂತು ಎಲ್ಲಿತ್ತೆಂದು ಗಿರಾಕಿಯೇ ಹುಡುಕುವಂತೆ ಮಾಡುತ್ತಿದ್ದಳು. ಅದೇ ಲಾಂಡ್ರಿಯಲ್ಲಿ ನಾನು ಇಸ್ತ್ರಿ ಮಾಡುತ್ತೇನೆ. ಅಮ್ಮ ಹೋದ ಮೇಲೆ ಮನೆಯಲ್ಲೂ ನಾವಿಬ್ಬರೇ, ಕೆಲಸದಲ್ಲೂ ನಾವಿಬ್ಬರೇ.

ಆ ದಿನ ಅವಳು ಸ್ಟೂಲು ತಿರುಗಿಸಿ ಕಿಟಕಿಗೆ ಬೆನ್ನು ಹಾಕಿ ಕೂತಳು.

"ಯಾಕೇ, ಬೆಳಕು ಬೇಡ್ವಾ?"

"ಬೆಳಕು ಸೂಜಿ ಥರ ಚುಚ್ಚುತ್ತೆ ಅಕ್ಕ. ಎಡಗಣ್ಣು ಒಳಗೊಳಗೇ ನೋಯ್ತಿದೆ."

ಎರಡನೇ ದಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೇಳಿದ್ದು ಇಷ್ಟು: ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕೆಂಗಣ್ಣಲ್ಲ, ಕಣ್ಣಿನ ಒಳಗಿನ ಉರಿಯೂತ. ಮತ್ತೆ ಮತ್ತೆ ಬರಬಹುದು. ಬಂದಾಗಲೆಲ್ಲ ತಕ್ಷಣ ತೋರಿಸಬೇಕು. ಮೊದಲು ಗಂಟೆಗೊಮ್ಮೆ ಹನಿ, ಆಮೇಲೆ ವಾರವಾರಕ್ಕೂ ಕಡಿಮೆ ಮಾಡುತ್ತಾ ಆರು ವಾರ. ನಡುವೆ ಎರಡು ಸಲ ಬಂದು ಕಣ್ಣಿನ ಒತ್ತಡ ಅಳೆಸಿಕೊಳ್ಳಬೇಕು. ಆ ಸಲ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ಕೆಂಪು ಇಳಿದು ಕಣ್ಣು ಮೊದಲಿನಂತಾಯಿತು.

ನಾಲ್ಕು ತಿಂಗಳಿಗೆ ಮತ್ತೆ ಬಂತು. ಈ ಸಲ ಅವಳು ಖಾಲಿ ಬಾಟಲಿ ಹಿಡಿದು ನೇರ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಅದನ್ನೇ ಕೊಟ್ಟ. ಎರಡು ದಿನದಲ್ಲಿ ನೋವು ಮಾಯ.

"ಆಸ್ಪತ್ರೇಲಿ ಅರ್ಧ ದಿನ ಕೂರೋದು ಯಾಕೆ? ಅವರೂ ಇದನ್ನೇ ತಾನೇ ಬರ್ಕೊಡೋದು," ಅಂದಳು. ನನಗೂ ಸರಿಯೆನಿಸಿತು.

ಆಮೇಲೆ ಅದೇ ರೂಢಿಯಾಯಿತು. ಕಣ್ಣು ಸ್ವಲ್ಪ ಕೆಂಪಾದರೆ ಹನಿ, ಕಣ್ಣು ಭಾರ ಅನಿಸಿದರೆ ಹನಿ. ಕೊನೆಕೊನೆಗೆ ಕೆಂಪಾಗದಿದ್ದರೂ, ಕೋಟು ಅರ್ಜೆಂಟಿದೆ ಎಂದು ಹನಿ. ಬಾಟಲಿ ಸೂಜಿಡಬ್ಬಿಯಲ್ಲೇ ಇರುತ್ತಿತ್ತು. ಹೀಗೆ ಒಂದೂವರೆ ವರ್ಷ. ಒತ್ತಡ ಅಳೆಸಿಕೊಳ್ಳುವ ಮಾತನ್ನು ಇಬ್ಬರೂ ಮರೆತೇಬಿಟ್ಟೆವು. ಆಗಾಗ ಅವಳು ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳುತ್ತಿದ್ದಳು. "ಕಣ್ಣು ನೆತ್ತಿ ಮೇಲಿದೆಯಾ?" ಎಂದು ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು.

ಒಂದು ದಿನ ಶರ್ಟು ಕೊಡಲು ಬಂದ ಗಿರಾಕಿಯೊಬ್ಬರು ಆ ಬಾಟಲಿ ನೋಡಿ, "ಇದು ಸ್ಟೆರಾಯ್ಡ್ ಅಲ್ವಾ?" ಎಂದರು.

ಆ ಪದ ಕೇಳಿ ನಾನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟೆ. ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂದು ಯಾರ್ಯಾರೋ ಹೇಳಿದ್ದೆಲ್ಲ ತಲೆಯಲ್ಲಿತ್ತು.

"ವಿಷ ಹಾಕ್ಕೊಳ್ತಿದ್ದೀಯಲ್ಲೇ! ಇವತ್ತಿಂದ ಬಂದ್. ಬರೀ ಕಣ್ಣು ತೊಳ್ಕೊ ಸಾಕು."

"ಡಾಕ್ಟರನ್ನ ಒಂದು ಮಾತು ಕೇಳೋಣ ಅಕ್ಕ."

"ಕೊಟ್ಟವರನ್ನೇ ಕೇಳ್ತೀಯಾ?"

ಎರಡು ಬಾಟಲಿಗಳನ್ನು ನನ್ನ ಕೈಯಾರೆ ಕಸದ ಬುಟ್ಟಿಗೆ ಹಾಕಿದೆ.

ಐದನೇ ದಿನಕ್ಕೆ ಕಣ್ಣು ಹಿಂದೆಂದೂ ಇಲ್ಲದಷ್ಟು ಕೆಂಪಾಯಿತು. ನಾನು ತಣ್ಣೀರ ಬಟ್ಟೆ ಕಟ್ಟಿದೆ. "ವಿಷ ಇಳಿಯೋವಾಗ ಹಾಗೇ ಆಗೋದು" ಎಂದು ಸಮಾಧಾನ ಬೇರೆ ಹೇಳಿದೆ. ಹತ್ತನೇ ದಿನ ಅವಳು ಮೆಟ್ಟಿಲು ತಡವುತ್ತಾ ಇಳಿಯುವುದನ್ನು ಮೇಲಿನ ಮನೆಯಲ್ಲಿರುವ ನರ್ಸಮ್ಮ ನೋಡಿದರು.

"ಎಷ್ಟು ದಿನ ಆಯ್ತು ಹೀಗೆ? ಯಾರು ಹನಿ ನಿಲ್ಲಿಸಿದ್ದು?"

"ನಾನೇ," ಎಂದೆ. ಅವರು ಆ ಕ್ಷಣವೇ ಆಟೋ ಕರೆದು ನಮ್ಮ ಜೊತೆಗೇ ಹತ್ತಿದರು.

ಡಾಕ್ಟರು ತಂಗಿಯ ಬಲಗಣ್ಣು ಮುಚ್ಚಿ, "ನನ್ನ ಕೈ ಎಲ್ಲಿದೆ?" ಎಂದು ಕೇಳಿದರು. ಕೈ ಅವಳ ಮುಖದ ಪಕ್ಕದಲ್ಲೇ ಇತ್ತು.

"ಯಾವ ಕೈ?" ಎಂದಳು.

ಎಡಗಣ್ಣಿನ ನರ ಬಹುತೇಕ ಒಣಗಿಹೋಗಿತ್ತು. ತಪಾಸಣೆಯಿಲ್ಲದೆ ತಿಂಗಳುಗಟ್ಟಲೆ ಹನಿ ಹಾಕಿದ್ದರಿಂದ ಕಣ್ಣಿನ ಒತ್ತಡ ಏರಿತ್ತು. ಆ ಒತ್ತಡಕ್ಕೆ ನೋವಿಲ್ಲ. ಸದ್ದಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತಾ ಬಂದಿತ್ತು. ಬಲಗಣ್ಣು ಎರಡು ಕಣ್ಣಿನ ಕೆಲಸ ಮಾಡುತ್ತಿದ್ದುದರಿಂದ ಅವಳಿಗೆ ತಿಳಿಯಲೇ ಇಲ್ಲ. ಅದರ ಮೇಲೆ ಹನಿಯನ್ನು ಒಮ್ಮೆಲೇ ನಿಲ್ಲಿಸಿದ್ದರಿಂದ ಉರಿಯೂತ ಕೆರಳಿ, ಉಳಿದ ಚೂರು ನೋಟವನ್ನೂ ಮಬ್ಬುಗೊಳಿಸಿತ್ತು. ಬಲಗಣ್ಣಿನಲ್ಲೂ ಈಗ ಉರಿಯೂತ ಶುರುವಾಗಿತ್ತು.

"ಎಡಗಣ್ಣು ವಾಪಸ್ ಬರುತ್ತಾ ಡಾಕ್ಟ್ರೇ?"

"ಹೋದ ನೋಟ ಬರಲ್ಲಮ್ಮ. ಬಲಗಣ್ಣು ಉಳಿಸ್ಕೊಳ್ಳೋಣ."

ಬಲಗಣ್ಣಿಗೆಂದು ಅವರು ಮಾತ್ರೆ ಬರೆದರು. ಅದೂ ಸ್ಟೆರಾಯ್ಡ್. ಹೊರಗೆ ಬಂದವಳೇ ನಾನು ನರ್ಸಮ್ಮನ ಮೇಲೆ ಹರಿಹಾಯ್ದೆ.

"ಕಣ್ಣು ತಿಂದಿದ್ದೇ ಅದು. ಮತ್ತೆ ಅದನ್ನೇ ಕೊಡ್ತಾರಾ?"

ನರ್ಸಮ್ಮ ಸಿಟ್ಟಾಗಲಿಲ್ಲ. "ನೀವು ಇಸ್ತ್ರಿ ಮಾಡೋರು. ಪೆಟ್ಟಿಗೆ ಬಿಸಿ ಇಲ್ದೆ ಸುಕ್ಕು ಹೋಗುತ್ತಾ?"

"ಇಲ್ಲ."

"ಹಾಗಂತ ಬಟ್ಟೆ ಮೇಲೆ ಇಟ್ಟು ಮರೆತು ಹೋಗ್ತೀರಾ? ಬಿಸಿ ತಪ್ಪಲ್ಲ, ನೋಡ್ಕೊಳ್ಳೋರು ಇಲ್ದಿದ್ದದ್ದು ತಪ್ಪು. ನಿಮ್ಮ ಭಯ ಸುಳ್ಳಲ್ಲ. ಮುಖ ಊದಬಹುದು, ಸಕ್ಕರೆ ಏರಬಹುದು, ಮೂಳೆ ಸವೆಯಬಹುದು. ಅದಕ್ಕೇ ರಕ್ತಪರೀಕ್ಷೆ, ಅದಕ್ಕೇ ಮೆಲ್ಲಗೆ ಇಳಿಸೋದು. ಉರಿ ಆರಿದ ಮೇಲೆ ಸ್ಟೆರಾಯ್ಡ್ ಕಡಿಮೆ ಮಾಡೋಕೆ ಬೇರೆ ಔಷಧಿಗಳೂ ಇವೆ. ಈ ಭಯವನ್ನೆಲ್ಲ ಡಾಕ್ಟರ ಹತ್ರ ಒಂದು ಸಲನಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಇನ್ನೊಂದನ್ನೂ ಹೇಳಿರಲಿಲ್ಲ. ಎಷ್ಟೋ ವರ್ಷದಿಂದ ತಂಗಿಗೆ ಬೆಳಿಗ್ಗೆ ಬೆನ್ನು ಬಿಗಿದುಕೊಳ್ಳುತ್ತಿತ್ತು. ಬಗ್ಗಿ ಕೂರುವ ಕೆಲಸ, ಅದಕ್ಕೇ ಎಂದುಕೊಂಡಿದ್ದೆವು. ಪರೀಕ್ಷೆ ಮಾಡಿದಾಗ ಕಣ್ಣಿನ ಉರಿಯೂತಕ್ಕೂ ಬೆನ್ನಿನ ಬಿಗಿತಕ್ಕೂ ಬೇರು ಒಂದೇ, ಕೀಲುಗಳನ್ನೂ ಕಣ್ಣನ್ನೂ ಹಿಡಿಯುವ ಒಂದೇ ಕಾಯಿಲೆ, ಎಂದು ಗೊತ್ತಾಯಿತು.

ಮುಂದಿನ ತಿಂಗಳುಗಳನ್ನು ಹೇಗೆ ಹೇಳಲಿ? ಮಾತ್ರೆಗೆ ಅವಳ ಮುಖ ದುಂಡಗಾಯಿತು. ಹಸಿವು ಹೆಚ್ಚಿತು, ನಿದ್ದೆ ಹೋಯಿತು, ಸಣ್ಣದಕ್ಕೂ ಅಳು. ಕನ್ನಡಿಗೆ ಟವೆಲು ಮುಚ್ಚಿಟ್ಟಳು. ನಾನು ದಿನವೂ ಮಾತ್ರೆ ಎಣಿಸಿ ಕೊಟ್ಟೆ. ಭಯ ಹೋಗಿರಲಿಲ್ಲ, ಆದರೂ ಕೊಟ್ಟೆ.

ಒಂದು ಮಧ್ಯಾಹ್ನ ಅವಳು ಬೂದು ಬಣ್ಣದ ಕೋಟೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಸೂಜಿಯ ತುದಿ ಎಳೆಯ ಪಕ್ಕಕ್ಕೇ ಹೋಗುತ್ತಿತ್ತು. ಬೆರಳು ಚುಚ್ಚಿಕೊಂಡಳು. ಮತ್ತೆ ಪ್ರಯತ್ನಿಸಿದಳು. ಆಮೇಲೆ ಕೋಟನ್ನು ಅಚ್ಚುಕಟ್ಟಾಗಿ ಮಡಚಿ ನನ್ನ ಮೇಜಿನ ಮೇಲೆ ಇಟ್ಟಳು.

"ವಾಪಸ್ ಕೊಟ್ಬಿಡು ಅಕ್ಕ. ಇನ್ಮೇಲೆ ರಫೂ ತಗೋಬೇಡ."

ನಾನು ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ಅತ್ತೆ. ಅವಳು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ನೀನು ಬಾಟಲಿ ಎಸೆಯೋಕ್ಕೆ ಮುಂಚೆನೇ ಕಣ್ಣು ಹೋಗಿತ್ತಂತೆ. ಡಾಕ್ಟರು ಹೇಳಿದ್ರು."

"ಬಹುತೇಕ ಅಂದ್ರು ಕಣೇ. ಪೂರ್ತಿ ಅನ್ನಲಿಲ್ಲ."

ಅವಳು ಕೋಟನ್ನು ಎತ್ತಿ ವಾಪಸ್ ಕೊಡುವ ಬಟ್ಟೆಗಳ ಮೇಲಿಟ್ಟಳು.

ಇದೆಲ್ಲ ಆಗಿ ಎರಡು ವರ್ಷ. ಈಗ ಸ್ಟೆರಾಯ್ಡ್ ಮಾತ್ರೆ ಪೂರ್ತಿ ಇಳಿದಿದೆ, ಬೇರೆ ಔಷಧಿ ನಡೆಯುತ್ತಿದೆ. ಬಲಗಣ್ಣಿಗೆ ಒಮ್ಮೆ ಮತ್ತೆ ಉರಿಯೂತ ಬಂತು. ಅವಳು ಹೇಳಿದ ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು, ನೋಟ ಉಳಿಯಿತು. ಅವಳು ಈಗ ಕೌಂಟರಿನಲ್ಲಿ ಕೂತು ಬಟ್ಟೆಗೆ ಚೀಟಿ ಸಿಕ್ಕಿಸುತ್ತಾಳೆ. ರಫೂ ಹಾಕುತ್ತೀರಾ ಎಂದು ಯಾರಾದರೂ ಕೇಳಿದರೆ, ಇಲ್ಲ, ಇಲ್ಲಿ ಹಾಕುವವರು ಯಾರೂ ಇಲ್ಲ, ಎನ್ನುತ್ತಾಳೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೇಳಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ನೋಟ ಮಬ್ಬಾದರೆ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಹಳೇ ಬಾಟಲಿ ತೋರಿಸಿ ಅಂಗಡಿಯಲ್ಲಿ ಹನಿ ಕೊಳ್ಳಬೇಡಿ. ಹೆದರಿ ನೀವಾಗಿಯೇ ನಿಲ್ಲಿಸಲೂ ಬೇಡಿ. ಹನಿ ಹಾಕುವಷ್ಟು ಕಾಲವೂ ಒತ್ತಡ ಅಳೆಸಿಕೊಳ್ಳಿ. ಬೆನ್ನು, ಕೀಲು, ಚರ್ಮ, ಬಾಯಿಹುಣ್ಣು, ಏನೇ ತೊಂದರೆಯಿದ್ದರೂ ಮುಚ್ಚಿಡದೆ ಹೇಳಿ. ಸ್ಟೆರಾಯ್ಡ್ ಎಂದರೆ ಭಯವೇ? "ಎಷ್ಟು ದಿನ? ಹೇಗೆ ಇಳಿಸ್ತೀರಿ? ಬೇರೆ ದಾರಿ ಇದೆಯಾ?" ಎಂದು ಡಾಕ್ಟರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ನನ್ನಂಥ ಅಕ್ಕ ಎಲ್ಲರ ಮನೆಯಲ್ಲೂ ಒಬ್ಬಳು ಇರುತ್ತಾಳೆ. ನಿಮ್ಮ ಮೇಲಿನ ಪ್ರೀತಿಯಿಂದಲೇ ಅವಳು ಔಷಧಿ ಬಿಡು ಎನ್ನುತ್ತಾಳೆ. ಅವಳ ಪ್ರೀತಿಯನ್ನು ಇಟ್ಟುಕೊಳ್ಳಿ. ಮಾತನ್ನು ಮಾತ್ರ ಕೇಳಬೇಡಿ.