ಪೈಪಿನೊಳಗಿನ ಬೇರು

ಗಿರಿಯಪ್ಪ ಕಂಪನಿಯ ಬಸ್ಸಿನಿಂದ ಇಳಿದು ಕೊಲ್ಲಿ ದೇಶದ ಮುಐದರ್ ಬಡಾವಣೆಯ ವಿಲ್ಲಾದ ಗೇಟು ತಳ್ಳಿದಾಗ ಸಂಜೆ ಐದಾಗಿತ್ತು. ಒಳಗೆ ಕಾಲಿಡುವ ಮೊದಲೇ ನಾತ ಮೂಗಿಗೆ ಬಡಿಯಿತು. ಬಚ್ಚಲಿನ ನೀರು ಅಂಗಳದ ಸಿಮೆಂಟಿನ ಮೇಲೆ ಹರಡಿ, ಚಪ್ಪಲಿ ಬಿಡುವ ಜಾಗದವರೆಗೂ ಬಂದಿತ್ತು. ಅವನಿಗೆ ಬೇಕಾಗಿದ್ದದ್ದು ಮೈಮೇಲೆ ಎರಡು ಬಕೆಟ್ ನೀರು ಮತ್ತು ತನ್ನ ಮಂಚ. ಎರಡೂ ಸದ್ಯಕ್ಕೆ ಸಿಗುವ ಹಾಗೆ ಕಾಣಲಿಲ್ಲ.

ವಿಲ್ಲಾ ಎಂಬುದು ಹೆಸರಿಗೆ ಮಾತ್ರ. ಒಂದೇ ಮನೆಯನ್ನು ಮೂರು ಪಾಲು ಮಾಡಿ ಮೂರು ಬಾಗಿಲು ಇಟ್ಟಿದ್ದರು. ಹಿಂದಿನ ಕೋಣೆಯಲ್ಲಿ ಗಿರಿಯಪ್ಪ ಒಬ್ಬನೇ. ಪಕ್ಕದ ಎರಡು ಕೋಣೆಗಳಲ್ಲಿ ಝಾಹಿದಾ ಇದ್ದಳು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಗಂಡ ಅಲ್ ಖೋರಿನಲ್ಲಿ ಬಸ್ಸಿನ ಡ್ರೈವರ್, ವಾರಕ್ಕೊಮ್ಮೆ ಬರುತ್ತಿದ್ದ. ಮಹಡಿಯಲ್ಲಿ ಶಿರ್ವದ ಯೂಜಿನ್ ಮತ್ತವನ ಹೆಂಡತಿ ಲೊರ್ನಾ, ಇಬ್ಬರೂ ಆಫೀಸಿಗೆ ಹೋಗುವವರು. ಮನೆ ಮಾಲೀಕನ ಮ್ಯಾನೇಜರ್ ಜೊತೆ ಮಾತಾಡುವ ಕೆಲಸವೆಲ್ಲ ಯೂಜಿನ್‌ನ ತಲೆಗೆ ಬಿದ್ದಿತ್ತು.

ಗೇಟಿನ ಹತ್ತಿರ ಮ್ಯಾನ್‌ಹೋಲಿನ ಮುಚ್ಚಳ ತೆಗೆದಿಟ್ಟು ಮಲಯಾಳಿ ಪ್ಲಂಬರ್ ಒಬ್ಬ ಪೈಪಿನೊಳಗೆ ಕೊಕ್ಕೆ ತೂರಿಸಿ ಎಳೆಯುತ್ತಿದ್ದ. ಸುತ್ತ ಎಲ್ಲರೂ ಮೂಗು ಮುಚ್ಚಿಕೊಂಡು ನಿಂತಿದ್ದರು. ಕೊನೆಗೆ ಹೊರಬಂದದ್ದು ಮಾರುದ್ದದ ಬೇರಿನ ಕಂತೆ. ಬಿಚ್ಚಿದ ಜಡೆಯ ಹಾಗೆ ಎಳೆ ಎಳೆಯಾಗಿ, ಕೆಸರು ಮೆತ್ತಿಕೊಂಡು, ಪೈಪಿನ ಅಳತೆಗೇ ಗುಂಡಗೆ ಬೆಳೆದುಕೊಂಡಿತ್ತು. ಪ್ಲಂಬರ್ ಸೊಂಟ ಹಿಡಿದು ಎದ್ದು ಆಚೆ ಈಚೆ ನೋಡಿದ. ನಾಲ್ಕು ಹೆಜ್ಜೆ ದೂರದಲ್ಲಿ ನುಗ್ಗೆಮರವಿತ್ತು. ಇದೇ, ಬೇರೆ ಯಾವುದೂ ಅಲ್ಲ ಎಂದು ಬೆರಳು ತೋರಿಸಿದ.

ಅದು ಝಾಹಿದಾಳ ಮರ. ಏಳು ವರ್ಷದ ಹಿಂದೆ ಐನ್ ಖಾಲಿದ್‌ನಲ್ಲಿದ್ದ ಗೆಳತಿಯ ಅಂಗಳದಿಂದ ತೋಳುದ್ದದ ಒಂದು ಕೊಂಬೆ ತಂದು ಊರಿದ್ದಳು. ಈಗ ಅದು ಮಹಡಿಯ ಕಿಟಕಿ ದಾಟಿತ್ತು. ಮನೆಯವರೆಲ್ಲರ ಸಾರಿಗೆ ಸೊಪ್ಪು, ಕಾಯಿ ಅದರದೇ.

“ಗಿರಿಯಪ್ಪಣ್ಣ, ನೀವು ಇದೇ ಲೈನಿನವರು. ನುಗ್ಗೆಯದ್ದೇ ಅಲ್ವಾ ಇದು?” ಎಂದು ಯೂಜಿನ್ ಕೇಳಿದ.

ಗಿರಿಯಪ್ಪ ಇದೇ ಲೈನಿನವನೇ. ಬೆಳ್ತಂಗಡಿಯಿಂದ ಬಂದು ಇಪ್ಪತ್ತಾರು ವರ್ಷ ಈ ದೇಶದ ರಸ್ತೆಗಳ ನಡುವೆ ಗಿಡ ನೆಟ್ಟವನು, ಈಗ ಫೋರ್‌ಮನ್. ಎಡ ಮೊಣಕಾಲನ್ನು ಕೈಯಿಂದ ಹಿಡಿದುಕೊಂಡು ಬಗ್ಗಿ ಒಂದು ಎಳೆ ಕಿತ್ತ. ಉಗುರಿನಿಂದ ತೊಗಟೆ ಕೆರೆದು ಮೂಸಿದ. ನುಗ್ಗೆಯ ಬೇರು ಮೂಲಂಗಿಯಂತೆ ಮೆತ್ತಗಿರುತ್ತದೆ, ಕೆರೆದರೆ ಸಾಸಿವೆ ಅರೆದಂಥ ಘಾಟು ನೆತ್ತಿಗೇರುತ್ತದೆ. ಇದರಲ್ಲಿ ಘಾಟಿರಲಿಲ್ಲ. ಕೆಂಪಗೆ, ಸಣಬಿನ ಹುರಿಯಷ್ಟು ಗಟ್ಟಿಯಾಗಿತ್ತು. ಅವನು ತಲೆಯೆತ್ತಿ ಕಂಪೌಂಡ್ ಗೋಡೆಯ ಕಡೆ ನೋಡಿದ.

ಗೋಡೆಯುದ್ದಕ್ಕೂ ಹನ್ನೊಂದು ಕೊನೊಕಾರ್ಪಸ್ ಗಿಡಗಳು ಒತ್ತೊತ್ತಾಗಿ ನಿಂತು ಹಸಿರು ಬೇಲಿಯಾಗಿದ್ದವು. ಆರು ವರ್ಷದ ಹಿಂದೆ ಸೈಟಿನಲ್ಲಿ ಉಳಿದು ಬಿಸಾಡಬೇಕಾಗಿದ್ದ ಸಸಿಗಳನ್ನು ತಂದು ನೆಟ್ಟವನು ಅವನೇ. ಧೂಳು ತಡೆಯಲಿ, ತನ್ನ ಕಿಟಕಿಗೆ ಬೀಳುವ ಪಶ್ಚಿಮದ ಬಿಸಿಲು ಕಡಿಮೆಯಾಗಲಿ ಎಂದು. ಪೈಪು ಹಾದುಹೋಗುತ್ತಿದ್ದದ್ದು ಆ ಬೇಲಿಯ ಬುಡದಲ್ಲೇ. ವಾರದ ರಜೆಯಾದ ಶುಕ್ರವಾರ ಶುಕ್ರವಾರ ಅವನು ಹಾಕುತ್ತಿದ್ದದ್ದು ಎರಡು ಬಕೆಟ್ ನೀರು. ಆದರೂ ಜುಲೈ ತಿಂಗಳ ಬಿಸಿಗಾಳಿಯಲ್ಲೂ ಒಂದೆಲೆ ಜೋಲು ಬಿದ್ದದ್ದಿಲ್ಲ. ಎಲೆಯ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಹಗಲಿಡೀ ನೀರು ಆವಿಯಾಗಿ ಅಲ್ಲಿಂದ ಹೋಗುತ್ತಲೇ ಇರುತ್ತದೆ, ಹೋದಷ್ಟನ್ನು ಬೇರು ಎಲ್ಲಿಂದಾದರೂ ತಂದು ಕೊಡಲೇಬೇಕು, ಎಲೆ ನೋಡಿ ಬೇರಿನ ಗತಿ ತಿಳಿದುಕೊಳ್ಳಿ ಎಂದು ಹೊಸದಾಗಿ ಸೇರಿದ ಕೆಲಸಗಾರರಿಗೆಲ್ಲ ಪಾಠ ಹೇಳುವವನು ಗಿರಿಯಪ್ಪ. ತನ್ನ ಮನೆಯ ಬೇಲಿಯ ನೆರಳಲ್ಲಿ ಆರು ವರ್ಷ ಚಹಾ ಕುಡಿದಿದ್ದ. ಇದಕ್ಕೆ ನೀರು ಎಲ್ಲಿಂದ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ನುಗ್ಗೆಯಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಉತ್ತರ ಹೇಳಿದರೆ ಹನ್ನೊಂದು ಗಿಡವನ್ನೂ ಬುಡಸಮೇತ ಕೀಳಬೇಕು. ಕೀಳುವವನು ಯಾರೆಂಬುದೂ ಗೊತ್ತಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಹೊರಟು ಇಡೀ ದಿನ ಗುಂಡಿ ತೆಗೆಸಿ ಬಂದಿದ್ದ. ಮೊಣಕಾಲು ಪ್ಯಾಂಟಿನೊಳಗೆ ಬಿಗಿಯುವಷ್ಟು ಊದಿತ್ತು.

“ಇರಬಹುದು” ಎಂದ.

ಆಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮ್ಯಾನೇಜರ್ ಒಂದು ಬಲ್ಬು ಹಾಕಿಸಲು ತಿಂಗಳು ತೆಗೆದುಕೊಳ್ಳುವ ಮನುಷ್ಯ, ಮರಕ್ಕೆ ಅಷ್ಟು ಬೇಗ ಕೈ ಹಾಕುವುದಿಲ್ಲ, ಶುಕ್ರವಾರ ನಿದ್ದೆ ಮುಗಿಸಿ ಎದ್ದು ಸತ್ಯ ಹೇಳಿದರಾಯಿತು ಎಂದುಕೊಂಡ. ಅಂದುಕೊಂಡದ್ದು ಮುಗಿಯುವ ಮೊದಲೇ ನಿದ್ದೆ ಬಂದಿತ್ತು.

ಆದರೆ ಮ್ಯಾನೇಜರ್ ಆ ಸಲ ತಡಮಾಡಲಿಲ್ಲ. ಮರುದಿನ ಸಂಜೆ ಗಿರಿಯಪ್ಪ ಬಂದಾಗ ಮರವಿರಲಿಲ್ಲ, ಮೊಣಕಾಲೆತ್ತರದ ಮೋಟು ಮಾತ್ರ ಇತ್ತು. ಇಬ್ಬರು ಆಳುಗಳು ಗರಗಸದ ಮಷೀನು ತಂದು ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಹೋಗಿದ್ದರಂತೆ. ಕೊಯ್ದ ಜಾಗ ಬೆಳ್ಳಗೆ, ಒದ್ದೆಯಾಗಿತ್ತು. ಮೇಲೆ ಏನೂ ಉಳಿದಿಲ್ಲವೆಂಬುದು ಬೇರಿಗೆ ಗೊತ್ತಿಲ್ಲ, ಅದಿನ್ನೂ ಎಲೆಗಳಿಗೆಂದು ನೀರು ಕಳಿಸುತ್ತಲೇ ಇತ್ತು. ಅದು ಕಾಂಡದ ಅಂಚಿನಲ್ಲಿ ಹನಿಹನಿಯಾಗಿ ಜಿನುಗಿ ತೊಗಟೆಯ ಮೇಲೆ ಇಳಿಯುತ್ತಿತ್ತು. ಕೆಲಸದ ಮೇಲೆ ಇಂಥ ಮೋಟುಗಳನ್ನು ಅವನು ಸಾವಿರ ನೋಡಿದ್ದ. ಇದನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಝಾಹಿದಾ ಕೊಂಬೆಗಳ ರಾಶಿಯ ನಡುವೆ ಮಣೆ ಹಾಕಿಕೊಂಡು ಕೂತು ಸೊಪ್ಪು ಬಿಡಿಸುತ್ತಿದ್ದಳು. ಬಾಡುವ ಮೊದಲು ಬಿಡಿಸಿ ಎಲ್ಲರಿಗೂ ಹಂಚಿಬಿಡಬೇಕು ಎಂದಳು. ಗಿರಿಯಪ್ಪ ಊಟದ ಡಬ್ಬಿ ಕೆಳಗಿಟ್ಟು ಎದುರಿಗೆ ಕೂತು ತಾನೂ ಒಂದು ಕೊಂಬೆ ಎಳೆದುಕೊಂಡ.

“ನೀವು ಹೇಳಿದ ಕಾರಣ ನಾನು ಸುಮ್ಮನಾದೆ ಗಿರಿಯಪ್ಪಣ್ಣ” ಎಂದಳು ಆಮೇಲೆ. “ಆ ಪ್ಲಂಬರ್ ಮಾತಿಗೆ ನಾನು ಕಡಿಯಲಿಕ್ಕೆ ಬಿಡ್ತಿರ್ಲಿಲ್ಲ. ನಿಮಗಾದ್ರೆ ಗೊತ್ತುಂಟಲ್ಲ.”

ಅವಳು ಅದನ್ನು ಚುಚ್ಚಿ ಹೇಳಿದ್ದಲ್ಲ, ನಂಬಿ ಹೇಳಿದ್ದು. ಅವನು ಹೂಂ ಎಂದ. ಒಂದು ಬೋಗುಣಿ ಪಲ್ಯ ಅವನ ಕೋಣೆಗೂ ಬಂತು. ಅನ್ನದ ಜೊತೆ ಕಲಸಿ, ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ತಿಂದ. ಬೋಗುಣಿ ತೊಳೆದು ಅವಳ ಬಾಗಿಲ ಬಳಿ ಇಟ್ಟು ಬಂದ. ಆ ಶುಕ್ರವಾರ ಬಂದು ಹೋಯಿತು, ಅದರ ಮುಂದಿನದೂ ಹೋಯಿತು. ಮರ ಹೇಗೂ ಹೋಗಿದೆ, ಈಗ ಹೇಳಿ ಏನು ಬಂತು ಎಂದು ತನಗೆ ತಾನೇ ಹೇಳಿಕೊಂಡ.

ಏಪ್ರಿಲ್ ನಡುವಿನಲ್ಲಿ ನೀರು ಮತ್ತೆ ಉಕ್ಕಿತು. ಈ ಸಲ ಝಾಹಿದಾಳ ಅಡುಗೆಮನೆಯೊಳಗೇ ನುಗ್ಗಿತು. ಹೊಲಿಯಲು ಬಂದಿದ್ದ ಬಟ್ಟೆಗಳ ಗಂಟನ್ನು ಅವಳು ಮೇಜಿನ ಮೇಲೆ ಏರಿಸಿಟ್ಟು, ಸೆರಗು ಸಿಕ್ಕಿಸಿ ನೀರು ಬಳಿದು ಹೊರಗೆ ಹಾಕುತ್ತಿದ್ದಳು. ಯೂಜಿನ್ ಫೋನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಮೋಟಿನ ಬೇರು ಇನ್ನೂ ಜೀವಂತ ಇದೆ, ಅದಕ್ಕೇ ಹೀಗಾಗಿದೆ, ತೂತು ಕೊರೆದು ಆಸಿಡ್ ಹೊಯ್ದು ಖಲಾಸ್ ಮಾಡಿ ಎಂದು ಮ್ಯಾನೇಜರ್ ಹೇಳಿದ್ದಾನೆ ಎಂದ. ಝಾಹಿದಾ ಪೊರಕೆ ಊರಿಕೊಂಡು ಒಂದು ಗಳಿಗೆ ನಿಂತಳು. ಹೊಯ್ಯಲಿ, ನನಗಿನ್ನು ಈ ನೀರು ಬಳಿಯಲಿಕ್ಕೆ ಆಗುವುದಿಲ್ಲ ಎಂದಳು.

“ಬೇಡ” ಎಂದ ಬಾಗಿಲ ಬಳಿ ನಿಂತಿದ್ದ ಗಿರಿಯಪ್ಪ. “ಅದು ನುಗ್ಗೆಯ ಬೇರಲ್ಲ. ನನ್ನ ಬೇಲಿಯದ್ದು.”

ಯೂಜಿನ್ ಬೇಲಿಯ ಕಡೆ ನೋಡಿದ. ಝಾಹಿದಾ ಗಿರಿಯಪ್ಪನನ್ನೇ ನೋಡಿದಳು.

“ಯಾವಾಗ ಗೊತ್ತಾಯ್ತು ನಿಮಗೆ?”

“ಅವತ್ತೇ. ಮೂಸಿದಾಗಲೇ.”

“ಮತ್ತೆ ಎಂತಕ್ಕೆ ಹೇಳ್ಲಿಲ್ಲ?”

ಅವನ ಬಳಿ ಒಂದೇ ಉತ್ತರವಿತ್ತು. ಅದು ಎಷ್ಟು ಸಣ್ಣದೆಂದು ಹೇಳುವಾಗಲೇ ತಿಳಿಯಿತು. “ಬಚ್ಚಿತ್ತು ಝಾಹಿದಕ್ಕ, ದಣಿದು ಬಂದಿದ್ದೆ. ಹೇಳಿದ್ರೆ ಅಗೀಬೇಕಿತ್ತು. ಅಷ್ಟೇ.”

ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಪೊರಕೆಯ ತುದಿಯಿಂದ ನೀರು ಸೋರುತ್ತಿತ್ತು.

“ನನಗೆ ಬಚ್ಚುವುದಿಲ್ವಾ?” ಎಂದು ಕೇಳಿ ಒಳಗೆ ಹೋದಳು.

ಗಿರಿಯಪ್ಪ ಮುಂದಿನ ಶುಕ್ರವಾರ ಬೆಳಕು ಹರಿಯುವಾಗಲೇ ಪಿಕಾಸಿ ಹಿಡಿದ. ಒಂದು ಶುಕ್ರವಾರಕ್ಕೆ ಮೂರು ಗಿಡಕ್ಕಿಂತ ಹೆಚ್ಚು ಆಗಲಿಲ್ಲ. ಹತ್ತು ಗಂಟೆಯಾದರೆ ಬಿಸಿಲಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಮೇಲೆ ಎರಡಾಳೆತ್ತರಕ್ಕೆ ಕತ್ತರಿಸಿ ಇಟ್ಟಿದ್ದ ಗಿಡ ನೆಲದೊಳಗೆ ಅದಕ್ಕಿಂತ ಎಷ್ಟೋ ದೂರ ಹಬ್ಬಿತ್ತು. ಒಂದು ಬೇರಿನ ಜಾಡು ಹಿಡಿದು ಮಣ್ಣು ಬಿಡಿಸುತ್ತಾ ಹೋದ. ಬೆರಳು ದಪ್ಪದ ಬೇರು ಪೈಪಿನ ಕೀಲಿನವರೆಗೆ ಬಂದು, ಉಗುರು ತೂರದಷ್ಟು ಸಣ್ಣ ಬಿರುಕಿನಲ್ಲಿ ದಾರದಂತೆ ಒಳಹೊಕ್ಕು, ಆಚೆ ಕೂದಲೆಳೆಗಳಾಗಿ ಒಡೆದಿತ್ತು. ದಪ್ಪ ಬೇರುಗಳದು ಗಿಡವನ್ನು ಹಿಡಿದು ನಿಲ್ಲಿಸುವ ಕೆಲಸ. ನೀರು ಹೀರುವುದೆಲ್ಲ ತುದಿಯ ಆ ನವಿರು ರೋಮಗಳೇ. ಅವು ತಮ್ಮ ಕೆಲಸ ಮಾಡಿದ್ದವು, ಸಿಕ್ಕಿದಲ್ಲಿ ಕುಡಿದಿದ್ದವು. ಅವುಗಳ ಮೇಲೆ ಅವನಿಗೆ ಸಿಟ್ಟೂ ಬರಲಿಲ್ಲ. ಸುಮ್ಮನೆ ಕಡಿದ.

ಎರಡನೆಯ ಶುಕ್ರವಾರ ಯೂಜಿನ್ ರಜಾದಿನದ ಪೂಜೆ ಮುಗಿಸಿ ಚರ್ಚಿನಿಂದ ಬಂದವನೇ ಬಟ್ಟೆ ಬದಲಿಸಿ ಗುದ್ದಲಿ ಹಿಡಿದ. ಆಫೀಸಿನ ಕೈ, ಅರ್ಧ ಗಂಟೆಯಲ್ಲಿ ಬೊಬ್ಬೆ ಎದ್ದಿತು. ನನ್ನನ್ನಾದರೂ ಕರೆಯಬಹುದಿತ್ತಲ್ಲ ಗಿರಿಯಪ್ಪಣ್ಣ, ಇಬ್ಬರು ಸೇರಿದರೆ ಇಷ್ಟು ದೊಡ್ಡ ಕೆಲಸವಲ್ಲ ಎಂದ. ಅದು ಗಿರಿಯಪ್ಪನಿಗೆ ಹೊಳೆದೇ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆಳುಗಳಿಗೆ ಅಪ್ಪಣೆ ಕೊಟ್ಟು ಗೊತ್ತಿತ್ತು, ಒಬ್ಬನೇ ದುಡಿದು ಗೊತ್ತಿತ್ತು. ಕೈ ಕೊಡಿ ಎಂದು ಕೇಳಿ ಅಭ್ಯಾಸವಿರಲಿಲ್ಲ. ನಾಲ್ಕನೆಯ ಶುಕ್ರವಾರ ಕೊನೆಯ ಗಿಡವೂ ಕಿತ್ತು ಬಂತು. ಪ್ಲಂಬರ್ ಕೀಲು ಬದಲಿಸಿ ಮಣ್ಣು ಮುಚ್ಚಿದ.

ಈ ನಾಲ್ಕು ವಾರವೂ ಝಾಹಿದಾ ಒಂದು ಲೋಟ ಚಹಾ ಕೊಡಲಿಲ್ಲ. ಎದುರಾದರೆ ಸಲಾಂ ಹೇಳುತ್ತಿದ್ದಳು, ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಮೇ ತಿಂಗಳ ಒಂದು ಸಂಜೆ ಅವನು ಬರುವಾಗ ಅವಳು ಮೋಟಿನ ಹತ್ತಿರ ಕೂತಿದ್ದಳು. ತೊಗಟೆಯ ಒಳಗಿಂದ ಏಳೆಂಟು ಚಿಗುರು ಒಟ್ಟಿಗೇ ಹೊರಟಿದ್ದವು, ಗೇಣುದ್ದ ಬೆಳೆದಿದ್ದವು.

“ಒಂದೆಲೆ ಇಲ್ಲದೆ ಇಷ್ಟು ದಿನ ಇದು ಎಂತ ತಿಂದು ಬದುಕಿತು?” ಎಂದು ಕೇಳಿದಳು. ಅವನನ್ನು ನೋಡದೆ ಕೇಳಿದಳು, ಆದರೂ ಕೇಳಿದಳು.

ಗಿರಿಯಪ್ಪ ನಿಂತ. ಮೊದಲಿದ್ದ ಎಲೆಗಳು ಬಿಸಿಲಲ್ಲಿ ಮಾಡಿದ ಆಹಾರವನ್ನು ತೊಗಟೆಯ ಒಳಪದರದ ದಾರಿಯಲ್ಲಿ ಕೆಳಗೆ ಕಳಿಸಿರುತ್ತವೆ, ನುಗ್ಗೆಯ ದಪ್ಪ ಬೇರು ಅದನ್ನು ಕೂಡಿಟ್ಟುಕೊಂಡಿರುತ್ತದೆ, ಕಾಂಡದಲ್ಲಿ ಮಲಗಿದ್ದ ಮೊಗ್ಗುಗಳು ಈಗ ಅದನ್ನೇ ಉಂಡು ಎದ್ದಿವೆ ಎಂದು ವಿವರಿಸಿದ. ಅದು ಎಷ್ಟು ದಿನಕ್ಕೆ ಬರುತ್ತದೆ ಎಂದು ಅವಳು ಕೇಳಿದಳು. ಹೊಸ ಎಲೆಗಳು ದುಡಿಯಲು ಶುರುಮಾಡುವವರೆಗೆ ಸಾಕಾಗುತ್ತದೆ, ಆದರೆ ಇಷ್ಟೊಂದು ಚಿಗುರು ಬಿಟ್ಟರೆ ಯಾವುದಕ್ಕೂ ಬಲ ಬರುವುದಿಲ್ಲ, ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಚಿವುಟಿ ಸಾರಿಗೆ ಹಾಕಿ ಎಂದ.

ಎರಡು ದಿನ ಬಿಟ್ಟು ನೋಡಿದಾಗ ಮೂರು ಚಿಗುರುಗಳು ನಿಂತಿದ್ದವು. ಮೂರಕ್ಕೂ ಕೋಲು ಕಟ್ಟಿ, ಹಳೆಯ ಸೀರೆಯ ಅಂಚಿನಿಂದ ಬಿಗಿದಿದ್ದಳು. ಈ ಸಲ ಅವಳು ತನ್ನ ಮಾತನ್ನು ಹಾಗೇ ನಂಬಿಲ್ಲ ಎಂಬುದು ಗಿರಿಯಪ್ಪನಿಗೆ ತಿಳಿಯಿತು. ಅದು ನ್ಯಾಯವೇ ಎನಿಸಿತು.

ಬೇಲಿ ಹೋದ ಮೇಲೆ ಸಂಜೆಯ ಬಿಸಿಲು ನೇರವಾಗಿ ಅವನ ಕಿಟಕಿಗೆ ಹೊಡೆಯುತ್ತಿತ್ತು. ಗಾಜಿಗೆ ಒಂದು ರಟ್ಟು ಅಡ್ಡವಿಟ್ಟು, ಮೊಣಕಾಲಿನ ಕೆಳಗೆ ದಿಂಬು ಸೇರಿಸಿಕೊಂಡು ಮಲಗಿದ. ಕೋಣೆ ಇನ್ನೂ ಬಿಸಿಯಾಗಿಯೇ ಇತ್ತು. ಗೋಡೆಯಾಚೆ ಝಾಹಿದಾಳ ಹೊಲಿಗೆ ಯಂತ್ರ ಓಡುತ್ತಿತ್ತು, ನಡುವೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.