ಯಶೋದಮ್ಮನವರ ಬೀಟೆ ಮಂಚ

ಮಂಚದ ಮೂರು ಕಾಲುಗಳು ಕಳಚಿ ಬಂದಿದ್ದವು. ನಾಲ್ಕನೆಯದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಮೃತಪ್ಪ ಒಂದು ಪಾದವನ್ನು ಗೋಡೆಗೆ ಒತ್ತಿ, ಎರಡೂ ಕೈಗಳಿಂದ ಎಳೆಯುತ್ತಿದ್ದ. ಹೆಂಡತಿ ಯಂಕಮ್ಮ ಕುದಿನೀರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬಾಗಿಲಲ್ಲಿ ಕಾದಿದ್ದಳು.

"ಮೆಲ್ಲಕ ರೀ! ಮುರೀತಂದ್ರ ಇವತ್ತೇ ನಮ್ಮ ಗಂಟುಮೂಟಿ ಬೀದ್ಯಾಗಿರ್ತದ."

"ನಾ ಸೊಳ್ಳಿ ಅಂತ ಸುಮ್ನಿದ್ದೆ. ತಿಗಣಿ ತಿಗಣಿ ಅಂತ ಎಬ್ಬಿಸ್ದಾಕಿ ನೀನಾ."

"ಸೊಳ್ಳಿ ಕಡದ್ರ ಹಿಂಗ ಕೂರಿಗಿ ಹಿಡದು ಬಿತ್ತಿದಂಗ ಸಾಲಾಗಿ ಏಳ್ತಾವೇನು?" ಎಂದು ಯಂಕಮ್ಮ ಮೊಣಕೈ ಮುಂದೊಡ್ಡಿದಳು.

ಅವಳ ಮಾತು ನಿಜವಾಗಿತ್ತು. ಸೊಳ್ಳೆಬತ್ತಿ ಹಚ್ಚಿ ಹಚ್ಚಿ ಕೋಣೆಯಲ್ಲಿ ಹೊಗೆ ತುಂಬಿತೇ ಹೊರತು ಕಡಿತ ನಿಂತಿರಲಿಲ್ಲ. ಅಮೃತಪ್ಪ ಗರುಡಾಚಾರ್‌ಪಾಳ್ಯದ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಒರಗಿ ತೂಕಡಿಸಿ ಬೈಸಿಕೊಂಡಿದ್ದ. ಈ ಬೆಳಿಗ್ಗೆ ಚಾದರದ ಮೇಲೆ ಸಾಸಿವೆಯಷ್ಟು ರಕ್ತದ ಕಲೆಗಳನ್ನು ಕಂಡ ಯಂಕಮ್ಮ ಊರಿನಿಂದ ತಂದ ಕೌದಿಯ ಹೊಲಿಗೆ ಹೊಲಿಗೆಯನ್ನೂ ಬಿಡಿಸಿ ನೋಡಿದ್ದಳು. ಅಲ್ಲೇನೂ ಇರಲಿಲ್ಲ. ಮಂಚದ ಸಂದಿಗೆ ಮೂಗಿಟ್ಟಾಗ ಮಾತ್ರ ಕೊಳೆತ ಕೊತ್ತಂಬರಿಯಂಥ ಆ ವಾಸನೆ ಗಪ್ಪೆಂದು ಬಡಿದಿತ್ತು.

ಆದರೆ ಮಂಚ ಅವರದಲ್ಲ. ನೆಲದ ಮೇಲೆ ಮಲಗುತ್ತಿದ್ದ ಗಂಡಹೆಂಡಿರನ್ನು ಕಂಡು ಮನೆಯೊಡತಿ ಯಶೋದಮ್ಮನವರು ತಮ್ಮ ಮದುವೆಯ ಬೀಟೆ ಮಂಚವನ್ನೇ ಹೊರಿಸಿ ಕಳಿಸಿದ್ದರು. "ಒಂದ್ ಗೀರು ಬಿದ್ರೂ ಸುಮ್ನಿರಲ್ಲ" ಎಂದೂ ಹೇಳಿದ್ದರು. ಗೋಡೆಗೆ ಒಂದೇ ಒಂದು ಮೊಳೆ ಹೊಡೆದ ತಪ್ಪಿಗೆ ಹಿಂದಿನ ಬಾಡಿಗೆಯವನನ್ನು ಓಡಿಸಿದ ಹೆಂಗಸು ಅವರು. ಸುರಪುರದ ಕಡೆಯಿಂದ ಬಂದು ಇಷ್ಟು ದಿನ ಗೂಡಿನಂಥ ಕೋಣೆಗಳಲ್ಲೇ ಕಾಲ ನೂಕಿದ್ದ ಯಂಕಮ್ಮನಿಗೆ ಕೆ.ಆರ್. ಪುರದಲ್ಲಿ ದಕ್ಕಿದ ಮೊದಲ ಕಿಟಕಿ ಈ ಕೋಣೆಯದು. ಅದರಾಚೆ, ರೈಲು ಹಳಿಗಳ ಮೇಲೆ, ಹೊಸ ತೂಗುಸೇತುವೆ ದಿನಕ್ಕಿಷ್ಟು ಏಳುತ್ತಿತ್ತು. ಅದು ಮುಗಿಯುವುದನ್ನು ಇಲ್ಲಿಂದಲೇ ನೋಡಬೇಕೆಂಬುದು ಅವಳ ಆಸೆ.

ಯಶೋದಮ್ಮನವರು ಹಲಸೂರಿಗೆ ನಾಮಕರಣಕ್ಕೆಂದು ಹೋಗಿದ್ದರು. ಅವರು ಬರುವುದರೊಳಗೆ ಮಂಚ ತೊಳೆದು, ಬಿಸಿಲಿಗಿಟ್ಟು, ಮತ್ತೆ ಜೋಡಿಸಿಬಿಡಬೇಕು.

ನಾಲ್ಕನೆಯ ಕಾಲು ಹಠಾತ್ತನೆ ಕಳಚಿತು. ಅಮೃತಪ್ಪ ಅದನ್ನು ಅಪ್ಪಿಕೊಂಡೇ ಅಂಗಾತ ಬಿದ್ದ. ಯಂಕಮ್ಮ ಪಾತ್ರೆ ಕೆಳಗಿಟ್ಟು, ನಗು ನುಂಗಿ ಬಗ್ಗಿ ನೋಡಿದಳು. ಕಾಲಿನ ಸಂದಿಯ ತುಂಬ ಕೆಂಪು ಸೋಪು. ಹೆಬ್ಬೆಟ್ಟಿನ ಗೆರೆ ಕಾಣುವಷ್ಟು ಹೊಸದು.

"ರೀ, ತಿಗಣಿ ಈ ಮಂಚದಾಗ ಮೊದ್ಲಿಂದಾನ ಅದಾವ. ಸೋಪ್ ಮೆತ್ತಿ ಬಾಗಲಾ ಹಾಕ್ಯಾರ."

"ಯಾರು?"

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ರೇಷ್ಮೆ ಸೀರೆಯುಟ್ಟ ಯಶೋದಮ್ಮನವರು ಬಾಗಿಲಲ್ಲಿ ನಿಂತಿದ್ದರು.

"ಅಯ್ಯಯ್ಯೋ! ಏನಮ್ಮ ಇದು ನನ್ ಮಂಚದ ಗತಿ?"

ಯಂಕಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ನಿಜ ಹೇಳಿದರೆ ಹಿರಿಯರಿಗೆ ಮುಖಭಂಗ; ಆಮೇಲೆ ಕೋಣೆಯೂ ಇಲ್ಲ, ಕಿಟಕಿಯೂ ಇಲ್ಲ. "ಸಿಟ್ಟಾಗಬ್ಯಾಡ್ರಿ ಅಮ್ಮಾರೆ. ನಮ್ಮ ಕೌದ್ಯಾಗ ನಮ್ಮೂರ ತಿಗಣಿ ಬಂದಾವ. ನಿಮ್ಮ ಮಂಚಕ್ಕ ಹತ್ತಬಾರ್ದಂತ ತೊಳ್ಯಾಕತ್ತೀವಿ."

ಯಶೋದಮ್ಮನವರು ಹುಬ್ಬು ಗಂಟಿಕ್ಕಿದರು. ಅದೇ ಗತ್ತಿನಲ್ಲಿ ನಿಂತಿದ್ದಂತೆಯೇ ಅವರ ಬಲಗೈ, ಅವರಿಗೇ ಅರಿವಿಲ್ಲದೆ, ಕತ್ತಿಗೆ ಹೋಗಿ ಪರಪರ ಕೆರೆಯತೊಡಗಿತು. ಸರದ ಕೆಳಗೆ ಕೆಂಪು ದದ್ದುಗಳು ಸಾಲುಗಟ್ಟಿದ್ದವು. ಯಂಕಮ್ಮ ನೋಡಿದಳು, ಅವಳು ನೋಡಿದ್ದನ್ನು ಅವರೂ ನೋಡಿದರು. ಅಮೃತಪ್ಪ ಮೆಲ್ಲಗೆ, ಮಂಚದ ಕಾಲಿನ ಸೋಪು ಮೆತ್ತಿದ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿ ಹಿಡಿದ.

"ನಿಮ್ಮೂರ್ ತಿಗಣೆನಾ? ಮೊನ್ನೆ ಮೊನ್ನೆ ಬಂದು, ಆಗ್ಲೇ ನನ್ ಕತ್ತಿಗೂ ದಾರಿ ಕಂಡ್ಕೊಂಡ್ವಾ?" ಅವರ ತುಟಿ ಅದುರಿತು. ಮರುಕ್ಷಣ ಬಾಗಿಲ ಚೌಕಟ್ಟು ಹಿಡಿದು, ಬಳೆ ಗಲಗಲಿಸುವಂತೆ ನಗತೊಡಗಿದರು. "ಮಂಚ ಸಾಗಿಸಿದ್ರೆ ಅವೂ ಹೋಗ್ತವೆ ಅಂದ್ಕೊಂಡೆ ಕಣೆ. ಅರ್ಧಕ್ಕರ್ಧ ನನ್ ಹಾಸ್ಗೇಲೇ ಉಳ್ಕೊಂಡ್ವು! ಎಲೆ ಮುಂದೆ ಕೂತ್ರೆ ಬರೀ ಕೆರ್ಕೊಳ್ಳೋದೇ ಆಯ್ತು. ಊಟ ಬಿಟ್ಟು ಎದ್ದ್ ಬಂದೆ."

"ಹಂಗಾರ ಹಲಸೂರಾಗೂ ನಾಕು ಬಿಟ್ಟು ಬಂದಿರ್ತೀರಿ," ಎಂದ ಅಮೃತಪ್ಪ.

"ಬಿಡಪ್ಪ, ಬೀಗರ ಮನೆ. ಇರ್ಲಿ!"

ರೇಷ್ಮೆ ಬಿಚ್ಚಿಟ್ಟು ಹಳೆಯ ಸೀರೆಯುಟ್ಟು ಬಂದ ಯಶೋದಮ್ಮನವರು ತಮ್ಮ ಹಾಸಿಗೆಯನ್ನೂ ಅಂಗಳಕ್ಕೆಳೆದರು. ಯಂಕಮ್ಮ ಸಂದಿಗಳಿಗೆ ಕುದಿನೀರು ಸುರಿದಂತೆಲ್ಲ, "ಇಗೋ ಇನ್ನೊಂದು! ಅಲ್ನೋಡೆ, ಇವುಗಳ ಅಜ್ಜ!" ಎಂದು ಮಕ್ಕಳಂತೆ ಕೂಗಿದರು. ಒಣಗಿದ ಸಂದಿಗಳಿಗೆ ಅಮೃತಪ್ಪ ಕೋಳಿಪುಕ್ಕದಿಂದ ಸೀಮೆಎಣ್ಣೆ ಸವರಿದ.

ಆಮೇಲೆ ಮೂವರೂ ಬರಿದಾದ ಕೋಣೆಯಲ್ಲಿ ಕುಳಿತು ಜೋಳದ ರೊಟ್ಟಿಯನ್ನು ಶೇಂಗಾ ಹಿಂಡಿಯೊಡನೆ ಮುರಿದು ತಿಂದರು. ಯಶೋದಮ್ಮನವರು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಕೈ ತೊಳೆದವರು ಕಿಟಕಿಯ ಕೆಳಗೆ ಹಾಸಿದ್ದ ಚಾಪೆಯ ಮೇಲೆ ಹಾಗೇ ಉರುಳಿ, ಗೋಡೆಯತ್ತ ಕಣ್ಣಾಡಿಸಿದರು.

"ಬೋಳ್ ಬೋಳಾಗಿದೆ ಗೋಡೆ. ಕ್ಯಾಲೆಂಡರಿಗೆ ಒಂದ್ ಮೊಳೆ ಹೊಡ್ಕೊಳ್ಳೆ..."

ಮಾತು ಮುಗಿಯುವ ಮೊದಲೇ ಅವರಿಗೆ ಗೊರಕೆ ಹತ್ತಿತ್ತು. ಬಿಸಿಲು ಅವರ ಮುಖಕ್ಕೆ ಬೀಳುತ್ತಿತ್ತು. ಯಂಕಮ್ಮ ಕಿಟಕಿಯ ಒಂದು ಬಾಗಿಲನ್ನಷ್ಟೇ ಸದ್ದಾಗದಂತೆ ಮುಚ್ಚಿ, ಉಳಿದರ್ಧದಲ್ಲಿ ಗಲ್ಲಕ್ಕೆ ಕೈಯಿಟ್ಟು ನಿಂತಳು. ದೂರದಲ್ಲಿ, ಸೇತುವೆಯ ಕಂಬದ ತುದಿಯಲ್ಲಿ, ಯಾರೋ ಒಬ್ಬ ಉಕ್ಕಿನ ಹಗ್ಗ ಬಿಗಿಯುತ್ತಿದ್ದ.